ಬೀರುವಿನಲ್ಲಿದ್ದ ಸಂಘದ ಹಣ



ಈ ಸಲ ಬಂದ ಕಾಗದಗಳಲ್ಲಿ ಒಂದನ್ನೇ ಎತ್ತಿಕೊಂಡಿದ್ದೇನೆ. ನಿಂಬೆಕಾಯಿ ಉಪ್ಪಿನಕಾಯಿ ಯಾಕೆ ಕಹಿಯಾಗುತ್ತದೆ ಎಂದು ಕೇಳಿದವರು, ಮಗುವಿನ ಬೆವರುಸಾಲೆಗೆ ಮನೆಮದ್ದು ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು. ಈ ಕಾಗದಕ್ಕೆ ಎರಡು ಸಾಲಿನ ಉತ್ತರ ಸಾಲದು.

ಬರೆದವರು ಒಂದು ತಾಲ್ಲೂಕು ಊರಿನ ಗೃಹಿಣಿ, ಕ್ರೈಸ್ತರು. ಅವರ ಸಭೆಯ ಸ್ತ್ರೀಯರ ಸಂಘಕ್ಕೆ ಅವರೇ ಖಜಾಂಚಿ. ಸುಗ್ಗಿ ಹಬ್ಬದ ಖರ್ಚಿಗೆಂದು ಹೆಂಗಸರೆಲ್ಲ ಸೇರಿ ಚಕ್ಕುಲಿ, ಹಪ್ಪಳ ಮಾರಿ, ಮನೆಮನೆ ಸುತ್ತಿ ಕೂಡಿಸಿದ 18,000 ರೂಪಾಯಿ ಅವರ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಇನ್ನೂ ಒಂದು ತಿಂಗಳು. ಅಷ್ಟರಲ್ಲಿ ಮಗಳ ಕಾಲೇಜು ಫೀಸಿನ ಕೊನೆಯ ದಿನ ಬಂತು. ಯಜಮಾನರಿಗೆ ಬರಬೇಕಾದ ಹಣ ಬರಲು ಇನ್ನೂ ಹತ್ತು ದಿನ ಇದೆ.

"ಅಕ್ಕಾ, ಕದಿಯುವ ಯೋಚನೆ ನನಗಿಲ್ಲ. ಹತ್ತೇ ದಿನದ ಮಾತು. ತೆಗೆದು ಕಟ್ಟಿ, ಅವರ ಹಣ ಬಂದ ಕೂಡಲೆ ಹಾಗೇ ಇಟ್ಟುಬಿಡ್ತೇನೆ. ಯಾರಿಗೂ ಗೊತ್ತಾಗೋದಿಲ್ಲ, ಯಾರಿಗೂ ನಷ್ಟವೂ ಇಲ್ಲ. ಆದರೂ ಮೂರು ರಾತ್ರಿಯಿಂದ ನಿದ್ದೆ ಬರ್ತಿಲ್ಲ. ಇಂಥ ಹೊತ್ತಿನಲ್ಲಿ ಹೇಳಿಕೊಳ್ಳೋದಕ್ಕೆ ಸತ್ಯವೇದದಲ್ಲಿ ಯಾವ ವಾಕ್ಯ ಇದೆ, ದಯವಿಟ್ಟು ತಿಳಿಸಿ" ಎಂದು ಬರೆದಿದ್ದಾರೆ.

ಪತ್ರಿಕೆ ಬರುವುದು ಹದಿನೈದು ದಿನಕ್ಕೊಮ್ಮೆ, ಫೀಸು ಅಲ್ಲಿಯತನಕ ಕಾಯುತ್ತದೆಯೇ? ಕಾಗದದಲ್ಲಿ ನಂಬರು ಕೊಟ್ಟಿದ್ದರು, ಅದೇ ಸಂಜೆ ಫೋನು ಮಾಡಿ ಮಾತಾಡಿದೆ. ಹೆಸರು, ಊರು ಬಿಟ್ಟು ಬರೆಯಬಹುದು ಎಂದು ಅವರು ಒಪ್ಪಿದ ಮೇಲೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ಎಷ್ಟೋ ಜನ ಕ್ರೈಸ್ತರಲ್ಲ ಎಂದು ಬಲ್ಲೆ. ಆದರೆ ಚೀಟಿ ಹಣವೋ, ಸ್ವಸಹಾಯ ಸಂಘದ ಹಣವೋ, ಊರಿಗೆ ಹೋಗುವಾಗ ನಾದಿನಿ ಕೊಟ್ಟುಹೋದ ಸರವೋ, ಒಂದಲ್ಲ ಒಂದು ನಂಬಿಕೆಯ ಗಂಟು ಪ್ರತಿಯೊಂದು ಬೀರುವಿನಲ್ಲೂ ಇರುತ್ತದೆ. ಈ ಸೋದರಿ ಅದನ್ನು ತಮ್ಮ ಧರ್ಮಗ್ರಂಥದ ಕಡೆಯಿಂದ ಕೇಳಿದ್ದಾರೆ. ನಾನೂ ಅದೇ ಗ್ರಂಥವನ್ನು ಓದುತ್ತ ಬೆಳೆದವಳು, ಅದರ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಕನ್ನಡದ ಸತ್ಯವೇದದಲ್ಲಿ ಇಂಥ ಸೆಳೆತಕ್ಕೆ ‘ಶೋಧನೆ’ ಎಂಬ ಮಾತಿದೆ. ಬಲು ಒಳ್ಳೆಯ ಮಾತು. ಅಡಿಗೆಮನೆಯಲ್ಲಿ ನಾವು ಕಷಾಯ ಶೋಧಿಸುತ್ತೇವೆ, ಪಾಯಸಕ್ಕೆ ಬೆಲ್ಲ ಕರಗಿಸಿ ಶೋಧಿಸುತ್ತೇವೆ. ಕರಗಿದ ಬೆಲ್ಲವನ್ನು ಬಟ್ಟೆಯ ಮೇಲೆ ಸುರಿದರೆ ಕಲ್ಲು, ಕಡ್ಡಿ, ಒಮ್ಮೊಮ್ಮೆ ಇರುವೆ ಕೂಡ ಮೇಲೆ ನಿಲ್ಲುತ್ತದೆ. ಆ ಕಡ್ಡಿಯನ್ನು ಬಟ್ಟೆ ತಂದು ಹಾಕಿದ್ದಲ್ಲ. ಅದು ಬೆಲ್ಲದೊಳಗೇ ಇತ್ತು. ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಇರುವುದೂ ಹೆಚ್ಚು ಕಡಿಮೆ ಇದೇ. ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ, ಎಳೆಯುವುದು ಅವರವರ ಒಳಗಿನ ಆಸೆ. ಆ ಆಸೆ ಬಸಿರಾಗಿ ಪಾಪವನ್ನು ಹೆರುತ್ತದೆ, ಆ ಪಾಪ ಬೆಳೆದು ದೊಡ್ಡದಾಗಿ ಮರಣವನ್ನು ಹೆರುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಬಸಿರು ಬಾಣಂತನದ ಲೆಕ್ಕದಲ್ಲಿ ಹೇಳಿರುವುದರಿಂದಲೋ ಏನೋ, ಹೆಂಗಸರಿಗೆ ಇದು ಬೇಗ ತಲೆಗೆ ಹೋಗುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿಗೆ "ಇದು ದೇವರು ಕೊಟ್ಟ ಶೋಧನೆ, ತಾಳಿಕೋ ಮಗಳೇ" ಎಂದು ಬುದ್ಧಿ ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. ಮೇಲೆ ಹೇಳಿದ ಅಧ್ಯಾಯವನ್ನು ಅವರು ಇನ್ನೊಮ್ಮೆ ಓದಲಿ. ಅದು ಶೋಧನೆಯಲ್ಲ, ಅನ್ಯಾಯ. ಅಂಥ ಹೆಣ್ಣಿಗೆ ಬೇಕಾದದ್ದು ವಾಕ್ಯವಲ್ಲ, ನೆರವು. 181 ಎಂಬ ಮಹಿಳಾ ಸಹಾಯವಾಣಿಯ ನಂಬರನ್ನು ನೆನಪಿಟ್ಟುಕೊಂಡು ಅವಳಿಗೆ ಹೇಳಿ. ನಾನು ಇವತ್ತು ಮಾತಾಡುತ್ತಿರುವುದು ಬೇಡವೆನ್ನುವ ಸ್ವಾತಂತ್ರ್ಯ ನಮ್ಮ ಕೈಯಲ್ಲೇ ಇದ್ದು, ಮನಸ್ಸು ಮಾತ್ರ ಜಾರುವ ಸಂದರ್ಭದ ಬಗ್ಗೆ.

ಸರಿ, ಯಾವ ವಾಕ್ಯ ಎಂದು ಕೇಳಿದರಲ್ಲ. ಶೋಧನೆಯ ಮಾತು ಬಂದರೆ ಮೊದಲು ನೆನಪಾಗುವುದು ಯೇಸು ಸ್ವಾಮಿಯ ನಲವತ್ತು ದಿನ. ಮತ್ತಾಯ ಮತ್ತು ಲೂಕ, ಇಬ್ಬರ ಸುವಾರ್ತೆಯಲ್ಲೂ ನಾಲ್ಕನೆಯ ಅಧ್ಯಾಯದಲ್ಲಿ ಈ ಕಥೆ ಇದೆ. ಮಾರ್ಕನು ಎರಡೇ ವಚನದಲ್ಲಿ ಮುಗಿಸಿಬಿಟ್ಟಿದ್ದಾನೆ. ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದು ಹಸಿದವನ ಹತ್ತಿರ ಸೈತಾನ ಬರುತ್ತಾನೆ. ಈ ಕಲ್ಲುಗಳನ್ನು ರೊಟ್ಟಿ ಮಾಡಿಕೋ ಅನ್ನುತ್ತಾನೆ. ಗಮನಿಸಿ, ಮೊದಲನೆಯ ಶೋಧನೆ ಅರಮನೆಯದಲ್ಲ, ಬಂಗಾರದ್ದಲ್ಲ, ರೊಟ್ಟಿಯದು. ಹಸಿದವನು ಉಣ್ಣುವುದು ಪಾಪವೇ? ಮಗಳ ಫೀಸು ಕಟ್ಟುವುದು ತಪ್ಪೇ? ನಮ್ಮಂಥ ಸಂಸಾರಸ್ಥರ ಹತ್ತಿರ ಶೋಧನೆ ಬರುವುದು ಯಾವಾಗಲೂ ಇದೇ ವೇಷದಲ್ಲಿ. ಕೋರೆಹಲ್ಲು ತೋರಿಸಿಕೊಂಡು ಬಂದರೆ ಯಾರಾದರೂ ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಮನೆಯ ಹಿತಚಿಂತಕನ ಹಾಗೆ ಬಂದು, ಪಕ್ಕದಲ್ಲಿ ಕೂತು, ನಮ್ಮದೇ ಕಷ್ಟವನ್ನು ನಮಗೆ ಹೇಳುತ್ತದೆ.

ಯೇಸು ಮೂರು ಸಲವೂ ಧರ್ಮಗ್ರಂಥದ ಮಾತಿನಿಂದಲೇ ಉತ್ತರ ಕೊಟ್ಟನು. ಮೂರೂ ಧರ್ಮೋಪದೇಶಕಾಂಡದವು, 6 ಮತ್ತು 8ನೆಯ ಅಧ್ಯಾಯದವು. ಅಡವಿಯಲ್ಲಿ ಅವನ ಕೈಯಲ್ಲಿ ಪುಸ್ತಕ ಇತ್ತೆಂದು ಕಥೆಯಲ್ಲಿ ಎಲ್ಲೂ ಇಲ್ಲ. ಅಂದರೆ ಆ ಮಾತುಗಳು ಆಗ ಹುಡುಕಿದವಲ್ಲ, ಮುಂಚೆಯೇ ಒಳಗೆ ಇದ್ದವು. ಎಲ್ಲಿಂದ ಬಂದವು? ಅದೇ 6ನೆಯ ಅಧ್ಯಾಯದಲ್ಲಿ ಇನ್ನೊಂದು ಅಪ್ಪಣೆ ಇದೆ. ಈ ಮಾತುಗಳನ್ನು ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಹೇಳಿಕೊಡಬೇಕು ಎಂದು. ಯೆಹೂದ್ಯರಲ್ಲಿ ಆ ಭಾಗವನ್ನು ಬೆಳಿಗ್ಗೆ, ಸಂಜೆ ಹೇಳಿಕೊಳ್ಳುವ ವಾಡಿಕೆ ಇಂದಿಗೂ ಇದೆ. ಮನೆಯೊಳಗೆ ಕೂಡಿಟ್ಟದ್ದು ಅಡವಿಯಲ್ಲಿ ಖರ್ಚಿಗೆ ಬಂತು, ಅಷ್ಟೇ. ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಹಾಕಿಟ್ಟವಳಿಗೆ ಮಳೆಗಾಲದಲ್ಲಿ ನೆಂಟರು ಬಂದರೆ ಹೆದರಿಕೆ ಇಲ್ಲ. ಮಳೆ ಸುರಿಯುವಾಗ ಸಂಡಿಗೆ ಒಣಗಿಸಲು ಹೊರಟರೆ ಆಗುತ್ತದೆಯೇ?

ಅದಕ್ಕೇ ನಾನು ಆ ಸೋದರಿಗೆ ಯಾವ ವಾಕ್ಯವನ್ನೂ ಹೇಳಲಿಲ್ಲ. ತಲೆನೋವಿಗೆ ಮಾತ್ರೆ ಕೇಳಿದಂತೆ ವಾಕ್ಯ ಕೇಳುವವರಿಗೆ ಒಂದನ್ನು ಕೊಟ್ಟುಬಿಡುವುದು ಬಲು ಸುಲಭ. ಅದನ್ನು ಹತ್ತು ಸಲ ಹೇಳಿಕೊಂಡು, ಹನ್ನೊಂದನೆಯ ಸಲ ಬೀರು ತೆಗೆಯುವವರೂ ಇದ್ದಾರೆ.

ಅದೂ ಅಲ್ಲದೆ, ವಾಕ್ಯ ಎನ್ನುವುದು ಎರಡೂ ಕಡೆಯವರ ಕೈಗೆ ಸಿಗುತ್ತದೆ! ಯೇಸುವಿನ ಕಥೆಯಲ್ಲಿ ಸೈತಾನನೂ ಸತ್ಯವೇದವನ್ನೇ ಹೇಳುತ್ತಾನೆ. ದೇವಾಲಯದ ತುದಿಯಿಂದ ಕೆಳಗೆ ಧುಮುಕು, ದೇವದೂತರು ಹಿಡಿದುಕೊಳ್ಳುತ್ತಾರೆ ಎಂದು ಬರೆದಿದೆಯಲ್ಲ, ಅನ್ನುತ್ತಾನೆ. ಅದು 91ನೆಯ ಕೀರ್ತನೆಯ 11, 12ನೆಯ ವಚನ. ಆ ಕೀರ್ತನೆಯನ್ನು ತೆಗೆದು ಮುಂದಿನ ವಚನವನ್ನೂ ಓದಿ ನೋಡಿ. 13ನೆಯದರಲ್ಲಿ ಸರ್ಪವನ್ನು ತುಳಿದುಹಾಕುವ ಮಾತಿದೆ. ಅಲ್ಲಿಗೆ ಬರುವ ಮುಂಚೆಯೇ ಸೈತಾನ ನಿಲ್ಲಿಸಿಬಿಟ್ಟ. ಮೊದಲ ಸಲ ಇದು ನನ್ನ ಕಣ್ಣಿಗೆ ಬಿದ್ದಾಗ ಒಬ್ಬಳೇ ಕೂತು ನಕ್ಕಿದ್ದೆ.

ಆ ಸೋದರಿಯ ಮನಸ್ಸೂ ಒಂದು ವಾಕ್ಯವನ್ನು ಹುಡುಕಿಟ್ಟುಕೊಂಡಿತ್ತು. ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಮೆಲ್ಲಗೆ ಕೇಳಿದರು: "ದಾವೀದನು ಹಸಿದಾಗ ದೇವರಿಗೆ ಇಟ್ಟ ರೊಟ್ಟಿ ತಿಂದನಲ್ಲಾ ಅಕ್ಕಾ? ಯೇಸು ಸ್ವಾಮಿಯೇ ಆ ಮಾತು ಎತ್ತಿದ್ದಾನಲ್ಲ?"

ಹೌದು, ಎತ್ತಿದ್ದಾನೆ, ಮತ್ತಾಯನ 12ನೆಯ ಅಧ್ಯಾಯದಲ್ಲಿ. "ಸತ್ಯವೇದ ಹತ್ತಿರ ಇದೆಯೇ? ತೆಗೀರಿ, ಇಬ್ಬರೂ ಓದೋಣ" ಎಂದೆ. ಸಮುವೇಲನ ಮೊದಲನೆಯ ಪುಸ್ತಕ, 21ನೆಯ ಅಧ್ಯಾಯ. ದಾವೀದನು ಸೌಲ ಅರಸನಿಂದ ತಪ್ಪಿಸಿಕೊಂಡು ನೋಬ್ ಎಂಬ ಊರಿಗೆ ಬರುತ್ತಾನೆ. ಅಲ್ಲಿಯ ಯಾಜಕ ಅಹೀಮೆಲೆಕನ ಹತ್ತಿರ ರೊಟ್ಟಿ ಕೇಳುತ್ತಾನೆ. ಕೇಳುತ್ತಾನೆ, ನೋಡಿ! ಯಾಜಕನೂ ಎದುರು ಪ್ರಶ್ನೆ ಹಾಕಿ, ವಿಚಾರಿಸಿ, ತಾನೇ ಕೊಡುತ್ತಾನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾಗಿಲು ತೆಗೆದು ಎತ್ತಿಕೊಂಡದ್ದಲ್ಲ. ಕೇಳಿ ಪಡೆದ ರೊಟ್ಟಿಯನ್ನು ಯೇಸು ತಪ್ಪೆನ್ನಲಿಲ್ಲ.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ರೊಟ್ಟಿ ಕೇಳುವಾಗ ದಾವೀದನು ಒಂದು ಸುಳ್ಳು ಹೇಳಿದ್ದ. ಅರಸನೇ ಗುಟ್ಟಿನ ಕೆಲಸಕ್ಕೆ ಕಳಿಸಿದ್ದಾನೆ ಎಂದು. ಅವನಿಗೂ ಅದು ಆ ಹೊತ್ತಿನ ಮಟ್ಟಿಗೆ ಸಣ್ಣ ಸುಳ್ಳೆಂದೇ ತೋರಿರಬೇಕು. ಅರಸನ ಆಳು ದೋಯೇಗನೆಂಬವನು ಅಲ್ಲೇ ಇದ್ದು ಎಲ್ಲವನ್ನೂ ನೋಡಿದ. 22ನೆಯ ಅಧ್ಯಾಯಕ್ಕೆ ಹೋದರೆ ಅವನು ಚಾಡಿ ಹೇಳುತ್ತಾನೆ, ಸೌಲನು ಯಾಜಕರನ್ನು ಕೊಲ್ಲಿಸುತ್ತಾನೆ. ಒಂದೇ ದಿನ 85 ಜನ ಯಾಜಕರು. ಆ ಮೇಲೆ ಊರಿನ ಹೆಂಗಸರು, ಹಾಲು ಕುಡಿಯುವ ಕೂಸುಗಳು, ದನಕರು, ಯಾವುದನ್ನೂ ಬಿಡಲಿಲ್ಲ. ತಪ್ಪಿಸಿಕೊಂಡು ಬಂದ ಒಬ್ಬನೇ ಒಬ್ಬ ಯಾಜಕಪುತ್ರನ ಎದುರಿಗೆ ದಾವೀದನು, ಇದಕ್ಕೆಲ್ಲ ನಾನೇ ಕಾರಣ ಎಂದು ಒಪ್ಪಿಕೊಳ್ಳುತ್ತಾನೆ.

ಆ ಭಾಗ ಓದಿದ ಮೇಲೆ ಫೋನಿನ ಆ ಕಡೆಯಿಂದ ಬಹಳ ಹೊತ್ತು ಮಾತೇ ಇರಲಿಲ್ಲ. ಹತ್ತು ದಿನಕ್ಕೆ ಹಣ ತೆಗೆದರೆ ಊರು ಸುಟ್ಟುಹೋಗುತ್ತದೆ ಎಂದು ನಾನು ಹೆದರಿಸಲಿಲ್ಲ, ಹಾಗೆ ಹೆದರಿಸುವುದು ನನಗೆ ಹಿಡಿಸುವುದೂ ಇಲ್ಲ. ತನಗೆ ಅನುಕೂಲವಾದ ಒಂದು ಸಾಲನ್ನು ಹಿಡಿದುಕೊಂಡು ಕೂತವರು ಮುಂದಿನ ಪುಟ ತಿರುಗಿಸಿದರು, ಅಷ್ಟೇ ಆದದ್ದು.

ಅಂದಾಜಿನ ಮೇಲೆ ತಿಳಿದುಕೊಳ್ಳುವುದೂ ಅಪಾಯವೇ. ಹವ್ವಳ ಕಥೆಯನ್ನೇ ನೋಡಿ. ಆ ಮರದ ಹಣ್ಣು ತಿನ್ನಬೇಡ ಎಂದು ಆದಿಕಾಂಡದ 2ನೆಯ ಅಧ್ಯಾಯದಲ್ಲಿ ಅಪ್ಪಣೆ ಇದೆ. 3ನೆಯ ಅಧ್ಯಾಯದಲ್ಲಿ ಸರ್ಪಕ್ಕೆ ಉತ್ತರ ಹೇಳುವಾಗ ಹವ್ವಳು ಮುಟ್ಟಲೂ ಬಾರದು ಎಂದು ಸೇರಿಸುತ್ತಾಳೆ. ಅದು ಮೊದಲಿನ ಅಪ್ಪಣೆಯಲ್ಲಿ ಇಲ್ಲ. ಮುಟ್ಟಿದರೆ ಏನೂ ಆಗಲಿಲ್ಲ, ಹಾಗಾದರೆ ತಿಂದರೂ ಏನೂ ಆಗುವುದಿಲ್ಲ ಎಂದು ಧೈರ್ಯ ಬಂದಿರಬಹುದು ಎಂದು ನಾನು ಊಹಿಸಿಕೊಳ್ಳುತ್ತೇನೆ. (ಎಲ್ಲ ತಪ್ಪನ್ನೂ ಹವ್ವಳ ತಲೆಗೆ ಕಟ್ಟುವ ಗಂಡಸರಿಗೆ ಇನ್ನೊಂದು ಮಾತು: ಗಂಡನೂ ಜೊತೆಯಲ್ಲೇ ಇದ್ದ ಎಂದು 6ನೆಯ ವಚನದಲ್ಲಿದೆ. ಬಾಯಿಬಿಡದೆ ತಿಂದ.)

ಆ ಸಂಜೆ ನಾವು ಇನ್ನೊಂದು ಕಥೆಯನ್ನೂ ಓದಿದೆವು. ಆದಿಕಾಂಡ 39, ಯೋಸೇಫನದು. ಇವನ ಕಾಲದಲ್ಲಿ ಬರೆದ ಗ್ರಂಥವೇ ಇರಲಿಲ್ಲ, ಕಂಠಪಾಠ ಮಾಡಲು ವಾಕ್ಯವೇ ಇಲ್ಲ. ಐಗುಪ್ತದಲ್ಲಿ ಪೋಟೀಫರನ ಮನೆಯ ಸಮಸ್ತವೂ ಅವನ ಕೈಯಲ್ಲಿತ್ತು. ಒಡೆಯನ ಹೆಂಡತಿ ಕರೆದಾಗ ಅವನು ಮೊದಲು ಹೇಳುವುದು ಇದೇ ಲೆಕ್ಕ. ಒಡೆಯ ನನ್ನನ್ನು ನಂಬಿ ಎಲ್ಲವನ್ನೂ ಒಪ್ಪಿಸಿದ್ದಾನೆ, ನಿನ್ನನ್ನು ಬಿಟ್ಟು. ನಾನು ದೇವರಿಗೆ ವಿರೋಧವಾಗಿ ಇಂಥದ್ದು ಮಾಡುವುದು ಹೇಗೆ, ಎಂದು. ಅವಳು ಒಂದು ದಿನ ಕೇಳಿ ಬಿಡಲಿಲ್ಲ, ದಿನದಿನವೂ ಕೇಳುತ್ತಿದ್ದಳು. ಕೊನೆಗೆ ಅವನು ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿದ. ವಾದ ಮಾಡುತ್ತ ನಿಲ್ಲಲಿಲ್ಲ. ಶೋಧನೆಯ ಎದುರು ಧೈರ್ಯವಾಗಿ ನಿಲ್ಲಬೇಕು ಎಂದು ಬಹಳ ಜನ ತಿಳಿದಿದ್ದಾರೆ, ನನಗೇನೋ ಓಡುವುದೇ ಮೇಲು ಅನ್ನಿಸುತ್ತದೆ. ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ, ಶೋಧನೆಯ ಜೊತೆಗೇ ದೇವರು ಪಾರಾಗುವ ದಾರಿಯನ್ನೂ ಇಡುತ್ತಾನೆ ಎಂಬ ಭರವಸೆ ಕೊಡುತ್ತಾನೆ. ದಾರಿ ಇರುವುದು ನಡೆಯುವುದಕ್ಕೆ ತಾನೆ?

"ನಿಮ್ಮ ಸಂಘದ ಕಾರ್ಯದರ್ಶಿಯ ಮನೆ ಎಷ್ಟು ದೂರ?" ಎಂದು ಕೇಳಿದೆ. "ನಾಲ್ಕು ಮನೆ ಆಚೆ" ಎಂದರು.

ಆ ರಾತ್ರಿಯೇ ಹಣವನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಇಬ್ಬರ ಎದುರಿಗೆ ಎಣಿಸಿ ಒಪ್ಪಿಸಿ ಬಂದರಂತೆ. "ಮನೆಯಲ್ಲಿದ್ದರೆ ನನ್ನ ಮನಸ್ಸು ಕೆಡುತ್ತದೆ, ನೀವಿಟ್ಟುಕೊಳ್ಳಿ" ಎಂದು ಬಾಯಿಬಿಟ್ಟು ಹೇಳಿದರಂತೆ. ಹೇಳುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಯೋಚಿಸಿ. ಕಾರ್ಯದರ್ಶಿಯಮ್ಮ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಈಗ ಸಂಘದ ಹೆಸರಿನಲ್ಲಿ ಇಬ್ಬರ ರುಜು ಬೇಕಾಗುವ ಬ್ಯಾಂಕು ಖಾತೆ ತೆರೆದಿದ್ದಾರೆ. ಇದು ಯಾವತ್ತೋ ಆಗಬೇಕಾಗಿದ್ದ ಕೆಲಸ. ನಿಮ್ಮ ಸಂಘದ ಹಣ ಯಾರೋ ಒಬ್ಬರ ಬೀರುವಿನಲ್ಲಿದ್ದರೆ ಈ ವಾರವೇ ಮಾಡಿಸಿ. ನಂಬಿಕೆ ಇಲ್ಲವೆಂದಲ್ಲ, ನಂಬಿಕಸ್ಥಳನ್ನು ರಾತ್ರಿಯಿಡೀ ಕಾವಲು ಕೂರಿಸಬಾರದು ಎಂದು.

ಇನ್ನು ಫೀಸಿನ ಕಥೆ. ಒಳ್ಳೆಯದು ಮಾಡಿದ್ದಕ್ಕೆ ಮರುದಿನವೇ ಎಲ್ಲಿಂದಲೋ ಹಣ ಬಂತು ಎಂದು ಬರೆಯಲು ನನಗೂ ಆಸೆಯೇ. ಹಾಗಾಗಲಿಲ್ಲ. ಕಾಲೇಜಿನವರು ಗಡುವು ಮುಂದೆ ಹಾಕಲಿಲ್ಲ. ಯಜಮಾನರ ಹಣ ಬಂದದ್ದು ಹನ್ನೆರಡನೆಯ ದಿನ, 600 ರೂಪಾಯಿ ದಂಡ ಸೇರಿಸಿ ಕಟ್ಟಿದರು. "ಮನೆಯಲ್ಲಿ ದುಡ್ಡು ಇಟ್ಟುಕೊಂಡು ದಂಡ ಕಟ್ಟಿದವಳು ನೀನೊಬ್ಬಳೇ" ಎಂದು ಯಜಮಾನರು ಅಂದರಂತೆ. ಮಗಳು ಎರಡು ದಿನ ಅಮ್ಮನ ಹತ್ತಿರ ಮಾತು ಬಿಟ್ಟಿದ್ದಳಂತೆ. ಯೋಸೇಫನಿಗೂ ಓಡಿದ್ದಕ್ಕೆ ಸಿಕ್ಕಿದ್ದು ಸೆರೆಮನೆ ತಾನೆ. ಅಣ್ಣಂದಿರು ಮಾರುವ ಹೊತ್ತಿಗೆ ಅವನು 17 ವರ್ಷದ ಹುಡುಗ. ಫರೋಹನ ಎದುರು ನಿಲ್ಲುವಾಗ 30. ನಡುವೆ ಹದಿಮೂರು ವರ್ಷ. ಇದನ್ನು ಹೇಳಿದೆ. "ನನ್ನದು ಹನ್ನೆರಡೇ ದಿನ ಬಿಡಿ ಅಕ್ಕಾ" ಎಂದು ನಕ್ಕರು. "ನಿದ್ದೆ?" ಎಂದು ಕೇಳಿದೆ. "ಅದೊಂದು ಬಂತು" ಎಂದರು.

ಬಡತನವೂ ಒಂದು ಶೋಧನೆಯೇ ಎಂಬುದನ್ನು ಸತ್ಯವೇದ ಮುಚ್ಚಿಡುವುದಿಲ್ಲ. ಜ್ಞಾನೋಕ್ತಿಗಳ 30ನೆಯ ಅಧ್ಯಾಯದಲ್ಲಿ ಆಗೂರನೆಂಬವನ ಪ್ರಾರ್ಥನೆ ಇದೆ. ಅವನು ಐಶ್ವರ್ಯವನ್ನೂ ಬೇಡ ಅನ್ನುತ್ತಾನೆ, ಬಡತನವನ್ನೂ ಬೇಡ ಅನ್ನುತ್ತಾನೆ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಬರಿಗೈಯಾದರೆ ಕದ್ದೇನು ಎಂಬ ಭಯ ಅವನಿಗೆ. ಎಷ್ಟು ನಿಜವಾದ ಮನುಷ್ಯ! ನಾನಾದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಬೇರೆಯವರ ಮನೆಯ ಕಷ್ಟದ ಮೇಲೆ ಮಾತಾಡುವವರು ಈ ಪ್ರಾರ್ಥನೆ ಓದಬೇಕು.

ಓದುವುದು ಹೇಗೆ ಎಂದು ಕೇಳುವಿರಾದರೆ, ಪಂಡಿತರ ಹಾಗಲ್ಲ. ಹೊಸ ವರ್ಷದ ದಿನ ವಾಗ್ದಾನದ ವಾಕ್ಯದ ಚೀಟಿ ಎತ್ತಿ, ಗೋಡೆಗೆ ಹಾಕಿ, ಡಿಸೆಂಬರಿನವರೆಗೆ ಧೂಳು ಒರೆಸುವುದು ಓದಲ್ಲ. ಹಾಲು ಒಲೆಯ ಮೇಲಿಟ್ಟು ಓದಲು ಕೂತರೆ ಹಾಲೂ ಉಕ್ಕುತ್ತದೆ, ಓದೂ ಕೆಡುತ್ತದೆ. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟ ಮೇಲೆ ಇಪ್ಪತ್ತು ನಿಮಿಷ ಸಿಕ್ಕರೆ ಸಾಕು. ಫೋನನ್ನು ಮಾತ್ರ ಆಚೆ ಕೋಣೆಯಲ್ಲಿಡಿ, ಸೀರೆಯ ಜಾಹೀರಾತು ಬರುವುದೂ ಅದೇ ಹೊತ್ತಿಗೆ. ಒಂದು ಅಧ್ಯಾಯವನ್ನು ಪೂರ್ತಿಯಾಗಿ, ಬಾಯಿಬಿಟ್ಟು ಓದಿ. ಈ ಮಾತು ಯಾರು ಯಾರಿಗೆ ಹೇಳಿದ್ದು, ಇದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ಏನಾಯಿತು ಎಂದು ಕೇಳಿಕೊಳ್ಳಿ. ಮನಸ್ಸಿಗೆ ತಾಗಿದ ಒಂದು ವಚನವನ್ನು ಮಕ್ಕಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆದಿಟ್ಟು, ಸಂಜೆ ತರಕಾರಿ ಹೆಚ್ಚುವಾಗ ನೋಡದೆ ಹೇಳಲು ಬರುತ್ತದೆಯೇ ನೋಡಿ. ಇಡೀ ಸತ್ಯವೇದ ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮುಂತಾದವರ ದುಡಿಮೆಯಿಂದ. ಆಮೇಲೆ ತಿದ್ದುಪಡಿಗಳಾಗಿವೆ, ಸುಲಭವಾದ ಕನ್ನಡದ ಭಾಷಾಂತರಗಳೂ ಬಂದಿವೆ. ಹಳೆಯದರ ಮಾತು ಗಟ್ಟಿ ಎನ್ನಿಸಿದರೆ ಹೊಸದನ್ನು ಪಕ್ಕದಲ್ಲಿಟ್ಟುಕೊಳ್ಳಿ, ಏನೂ ತಪ್ಪಿಲ್ಲ.

ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಯೋಸೇಫನ ಕಥೆಯನ್ನೇ ಹೇಳುತ್ತೇನೆ. ಕ್ರೈಸ್ತರಲ್ಲದವರೂ ಕಥೆಯೆಂದೇ ಓದಬಹುದು. ಅಣ್ಣತಮ್ಮಂದಿರ ಹೊಟ್ಟೆಕಿಚ್ಚು, ಬರಗಾಲ, ಅಗಲಿದವರು ಕೂಡುವುದು, ಎಲ್ಲ ಇದೆ. ಆದಿಕಾಂಡದ 37ರಿಂದ 50ರವರೆಗೆ ಹದಿನಾಲ್ಕು ಅಧ್ಯಾಯ. ದಿನಕ್ಕೊಂದರಂತೆ ಓದಿದರೆ ಮುಂದಿನ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಮುಗಿಯುತ್ತದೆ. 38ನೆಯದರಲ್ಲಿ ಯೋಸೇಫನ ಮಾತಿಲ್ಲ, ಯೂದ ಮತ್ತು ಅವನ ಸೊಸೆ ತಾಮಾರಳ ಕಥೆ ಬರುತ್ತದೆ. ಅದನ್ನು ಓದುವಾಗ ಚಿಕ್ಕ ಮಕ್ಕಳನ್ನು ಆಡಲು ಕಳಿಸಿರಿ. ಬಿಡಬೇಡಿ ಮಾತ್ರ, ಸೊಸೆಯಂದಿರು ಓದಲೇಬೇಕಾದ ಅಧ್ಯಾಯ ಅದು.